ಕೆಂಪು ದಾರದ ಪಂಕ್ತಿ

ನನ್ನ ಮೊಮ್ಮಗಳ ತಲೆ ಪೂರ್ತಿ ಸರಿಯಿದೆ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ! ತಲೆ ಸರಿಯಿದ್ದವರು ಕಂಪ್ಯೂಟರುಗಳಿಗೆ ಗಂಗಿ, ಕೆಂಪಿ, ಚಂದ್ರಿ ಎಂದು ಎಮ್ಮೆಗಳ ಹೆಸರಿಡುತ್ತಾರೆಯೇ?

ಸುತ್ತಲಿನ ಹಳ್ಳಿಗಳ ಗ್ರಂಥಾಲಯಗಳಿಗೆ ಕಂಪ್ಯೂಟರು ಸಜ್ಜು ಮಾಡುವುದು ಅವಳ ಕೆಲಸ. ಪುಸ್ತಕದ ಪುಟ ಎದುರಿಗೆ ಹಿಡಿದರೆ ಅವು ಗಟ್ಟಿಯಾಗಿ ಓದಿ ಹೇಳಬೇಕು. ನಮ್ಮ ಪಡಸಾಲೆಯಲ್ಲಿ ಹತ್ತಿ ಚೀಲ ಒಟ್ಟುವ ಜಾಗದಲ್ಲೆಲ್ಲ ಅವೇ! ಒಂದು ಬೆಳಿಗ್ಗೆ "ಚಂದ್ರಿ ಯಾಕೋ ನಿನ್ನಿಯಿಂದ ಓ ಅನ್ನವಲ್ಲದು" ಎಂದು ಅವಳು ಗೊಣಗಿದ್ದು ಕೇಳಿ ಬಾಜು ಮನೆಯ ಕಾಕಾ ಹಿಂಡಿಯ ಬುಟ್ಟಿ ಹಿಡಿದುಕೊಂಡೇ ಬಂದುಬಿಟ್ಟ.

"ಇವುಕ್ಕ ಏನ್ ಮಾಡಾಕತ್ತಿ ಬೇ?" ಎಂದು ನಾನೇ ಕೇಳಿದೆ.

"ಒಂದೊಂದರಾಗೂ ಒಬ್ಬ ಆಳು ಕುಂದ್ರಸ್ತೀನಿ ಅಜ್ಜಾ. ನಾ ಮನ್ಯಾಗ ಕುಂತು ಕೂಗಿದ್ರ, ಊರೂರಾಗ ಅವ ಹೊಸಾ ಸಾಫ್ಟ್‌ವೇರ್ ಇಸ್ಕೊಂತಾನ."

"ಅವನ ಊಟ?"

"ಕರೆಂಟ್."

"ಹಂಗಾರ ನಮ್ಮೂರಾಗ ದಿನಾ ಉಪಾಸ!"

ಆಮೇಲೆ ದಾರ ಕಟ್ಟಿದಳು. ಕೆಂಪು ದಾರದವು ಪರೀಕ್ಷೆಯ ಗುಂಪು, ಮನೆಯಲ್ಲೇ ಇರುವಂಥವು. ಹೊಸದೇನಿದ್ದರೂ ಮೊದಲು ಅವಕ್ಕೆ, ಕೆಟ್ಟರೆ ಕೆಡಲಿ. ಹಸಿರು ದಾರದವು ಗ್ರಂಥಾಲಯದವು; ಅವಕ್ಕೆ ಪರೀಕ್ಷೆಯಲ್ಲಿ ಗೆದ್ದದ್ದು ಮಾತ್ರ. ಇಷ್ಟು ಮಾಡಿ ವೈರು ಎಳೆಸಲು ತಿರ್ಲಾಪುರದ ಗ್ರಂಥಾಲಯಕ್ಕೆ ಹೋದಳು.

ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಒಂದ ಮನ್ಯಾಗ ಕುಂತಾವ, ಕೆಲವರಿಗೆ ಮೊದಲ, ಕೆಲವರಿಗೆ ಆಮ್ಯಾಲ? ಪಂಕ್ತಿಭೇದ ಮಾಡ್ತಾಳೇನ್ರಿ?" ಊಟದ ಪಂಕ್ತಿಯ ಹೊರಗೆ ಕೂತು ಉಂಡ ಬಾಲ್ಯ ಅವಳದು. ತಡೆಯುವವರು ಯಾರು? ಹಸಿರನ್ನೆಲ್ಲ ಬಿಚ್ಚಿ, ಎಲ್ಲಕ್ಕೂ ಕೆಂಪು ಕಟ್ಟಿದಳು! ದಾರ ನೋಡಿ ಒಂದೊಂದು ಕಂಪ್ಯೂಟರಿನ ಹೆಸರನ್ನೂ ಅದರ ಗುಂಪಿಗೆ ಸೇರಿಸಲು ಅಣ್ಣಿಗೇರಿಯಿಂದ ಬಂದ ಮೊಮ್ಮಗಳ ಗೆಳತಿ ಎಲ್ಲವನ್ನೂ ಪರೀಕ್ಷೆಗೇ ಹಾಕಿ, ಕೆಲಸ ಮುಗಿಯಿತೆಂದು ದಾರ ಕಿತ್ತೆಸೆದಳು. ಇದೊಂದೂ ತಿಳಿಯದ ಮೊಮ್ಮಗಳು ಮರಳಿ ಬಂದು, ಗ್ರಂಥಾಲಯದವನ್ನು ಹೆಸರು ಹಿಡಿದು ಊರೂರಿಗೆ ಕಳಿಸಿದಳು.

ಉದ್ಘಾಟನೆಗೆ ತಾಲ್ಲೂಕಿನ ಅಧಿಕಾರಿ ಮೇಡಂ ನಮ್ಮೂರ ಗ್ರಂಥಾಲಯಕ್ಕೇ ಬಂದರು. ಅಂದು ಸರಿಯಾಗಿ ಓದದಿದ್ದರೆ ಎಲ್ಲ ಯಂತ್ರಗಳನ್ನೂ ವಾಪಸು ಒಯ್ಯುವುದಾಗಿ ಮೊದಲೇ ಹೇಳಿದ್ದರು. ನಮ್ಮ ಹುಚ್ಚು ಮೊಮ್ಮಗಳಿಗೆ ಅಂದೇ ಬೆಳಿಗ್ಗೆ ಪರೀಕ್ಷೆಯ ಗುಂಪಿಗೆ ಏನೋ ಹೊಸದನ್ನು ಕಳಿಸಿ ನೋಡುವ ಆಸೆ! ಮೇಡಂ ಪುಟ ಹಿಡಿದರು. ಗಂಗಿ ಗಂಟಲು ಬಿಟ್ಟು ಓದಿತು:

"ಅಜ್ಜೀ, ಚಹಾ ತಾ!"

ಇದು ಪರೀಕ್ಷೆಗೆಂದು ಮೊಮ್ಮಗಳು ತುಂಬಿದ್ದ ವಾಕ್ಯ. ಮೇಡಂ ಪುಟ ತಿರುವಿದರು. "ಅಜ್ಜೀ, ಚಹಾ ತಾ!" ಮುಂದಿನ ಸಾಲಿನಲ್ಲಿದ್ದ ನನ್ನವಳು "ತಂದೆ ತಡಿಯವಾ" ಎಂದು ಎದ್ದೇಬಿಟ್ಟಳು! ಅಷ್ಟರಲ್ಲಿ ತಿರ್ಲಾಪುರದಿಂದ ಫೋನು: "ನಿಮ್ಮ ಮಷಿನ್ ಚಹಾ ಕೇಳಾಕತ್ತೈತ್ರಿ. ಸಕ್ರಿ ಹಾಕೂಣೋ ಬ್ಯಾಡೋ?"

ಮೇಡಂ ಚೀಲ ಎತ್ತಿಕೊಂಡರು. ಮೊಮ್ಮಗಳ ಮುಖ ಬಾಡಿತು. ಲ್ಯಾಪ್‌ಟಾಪ್ ತೆರೆದು ಗುಂಪಿನ ಪಟ್ಟಿ ನೋಡಿ ಗೆಳತಿಯತ್ತ ತಿರುಗಿದಳು.

"ಎಲ್ಲಾ ಪರೀಕ್ಷಾದಾಗ ಯಾಕ ಅದಾವಲೇ?"

"ಎಲ್ಲಾಕ್ಕೂ ಕೆಂಪ ದಾರ ಇತ್ತಲ್ಲ ಬೇ!" ಎಂದಳು ಗೆಳತಿ.

"ನಾನ ಕಟ್ಟೀನವಾ," ಎಂದಳು ನನ್ನವಳು, ನೆಲ ನೋಡುತ್ತ. "ಎಲ್ಲಾರಿಗೂ ಸಮ ಸಿಗ್ಲಿ ಅಂತ."

ಮೊಮ್ಮಗಳು ಬೈಯಲಿಲ್ಲ. "ಮೇಡಂ, ಚೂರು ಕುಂದರ್ರಿ" ಎಂದು ಮೆಟ್ಟಿಲ ಮೇಲೆ ಕೂತು, ಗುಂಪು ಬೇರೆ ಮಾಡಿ, ಗೆದ್ದ ಸಾಫ್ಟ್‌ವೇರನ್ನು ಕಳಿಸಿದಳು. ಆಮೇಲೆ ಪುಸ್ತಕವನ್ನು ಮೇಡಂ ಕೈಗೆ ಕೊಡಲಿಲ್ಲ, ಶಾಲೆಯ ಹೊಸ್ತಿಲನ್ನೇ ತುಳಿಯದ ಅಜ್ಜಿಯ ಕೈಗೆ ಕೊಟ್ಟಳು!

ಗಂಗಿ ಓದಿತು. ಯಾವುದೋ ಊರಿನ ಹುಡುಗಿಯೊಬ್ಬಳು ಬಾವಿ ತೋಡುವ ಕತೆ. ಪುಟ ಮುಗಿಯಿತು.

"ಮುಂದ?"

"ಹಾಳಿ ತಿರುವು ಅಜ್ಜೀ."

ಸೆರಗಿಗೆ ಕೈ ಒರೆಸಿಕೊಂಡು ತಿರುವಿದಳು. ಎದ್ದು ನಿಂತಿದ್ದ ಮೇಡಂ ಚೀಲ ಕೆಳಗಿಟ್ಟು ಕೂತರು. ಯಂತ್ರಗಳು ಉಳಿದವು! ಜನ ಚದುರಿದರು. ನಾನು ಬಾಗಿಲಲ್ಲಿ ನಿಂತು ನನ್ನವಳನ್ನು ಕರೆದೆ:

"ಮನಿಗೆ ಹೋಗೂಣೇನು?"

ಅವಳು ತಲೆ ಎತ್ತಲಿಲ್ಲ.

"ನೀವು ನಡೀರಿ. ನಾ ಓದಾಕತ್ತೀನಿ."