ಹೊರಗಿನ ಮೊಳೆಯ ಚೀಲ

ಚೀಲ ಹಿಡಿದು ಹೋಗಿ ಹೂವು ತರುವುದಕ್ಕೆ ವಿಶೇಷ ಪ್ರತಿಭೆಯೇನೂ ಬೇಕಿಲ್ಲ. ಪ್ರವಾಹ, ಚುನಾವಣೆಗಳನ್ನೆಲ್ಲ ಪತ್ರಿಕೆಗೆ ಸಮಚಿತ್ತದಿಂದ ವರದಿ ಮಾಡಿದ ನನಗಂತೂ ಬೇಕೇ ಇಲ್ಲ. ಹಾಗೆಂದು ಆ ಬೆಳಿಗ್ಗೆ ನಂಬಿದ್ದೆ.

ಶಿರವಾಡದ ನಮ್ಮ ಓಣಿಯವರೆಲ್ಲ ಸೇರಿ ಮಾಡುವ ಸತ್ಯನಾರಾಯಣ ಪೂಜೆ ಅಂದು ಸಂಜೆ. ಹೂವಿನ ಜವಾಬ್ದಾರಿ ಮೊದಲ ಬಾರಿಗೆ ನನ್ನ ಹೆಂಡತಿ ಶೋಭಾಳ ಪಾಲಿಗೆ ಬಂದಿತ್ತು. ಭಾವಿಕೇರಿಯ ತನ್ನ ತವರಿನಲ್ಲಿ ಅತ್ತಿಗೆ ಕಟ್ಟುವಂಥ ಅಬ್ಬಲಿಗೆ ಮಾಲೆ ಇಡೀ ಕಾರವಾರದಲ್ಲೇ ಇಲ್ಲವೆಂದು ಆಕೆ ಓಣಿಯ ಹೆಂಗಸರೆದುರು ಘೋಷಿಸಿಯೂ ಆಗಿತ್ತು.

“ಚೀಲ ತಕಂಡ್ ಹೋಗಿ. ಮಾಲೆ ಬಾಡ್ದಂಗೆ ತನ್ನಿ. ಇವತ್ತ್ ನನ್ನ ಮರ್ಯಾದೆ ನಿಮ್ಮ ಕೈಲಿ ಅದೆ” ಎಂದಳು.

“ಇಷ್ಟಕ್ಕೆಲ್ಲ ಹೆದರ್ತಾರೇನೇ?” ಎಂದೆ.

ನಮ್ಮ ಕಡೆಯ ಮನೆಗಳಲ್ಲಿ ಚೀಲಗಳು ಎರಡು. ಒಳಗಿನ ಮೊಳೆಯದು ತರಕಾರಿಗೆ, ದೇವರ ಸಾಮಾನಿಗೆ. ಹೊರಗೆ ಬಾವಿಕಟ್ಟೆಯ ಬಳಿ ತೂಗುವುದು ಮೀನಿಗೆ. ಈ ಗಡಿಯನ್ನು ಮಕ್ಕಳೂ ದಾಟುವುದಿಲ್ಲ. ನಾನು ದಾಟಿದೆ! ಒಳಗಿನ ಚೀಲಕ್ಕೆ ಆಲೂಗಡ್ಡೆಯ ಮಣ್ಣು ಮೆತ್ತಿತ್ತು. ಹೊರಗಿನದು ತೊಳೆದು ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು. ಮೂಸಿಯೂ ನೋಡಿದೆ, ವಾಸನೆ ಇರಲಿಲ್ಲ. ತೊಳೆದ ಮೇಲೆ ಎಲ್ಲ ಚೀಲಗಳೂ ಸಮಾನ ಎಂಬ ಪ್ರಗತಿಪರ ನಿಲುವು ತಳೆದು ಬಸ್ ಹತ್ತಿದೆ.

ಭಾವಿಕೇರಿಯಲ್ಲಿ ಅತ್ತಿಗೆ ಬಂಗಡೆ ಮೀನು ಹುರಿಯುತ್ತಿದ್ದರು. ಆ ಮನೆಯಲ್ಲಿ ಇನ್ನೊಂದು ವಾಸನೆಗೆ ಜಾಗವೇ ಇರಲಿಲ್ಲ.

“ಒಂದ್ ತುಂಡ್ ತಿನ್ನಿ ಬಾವಾ. ಶೋಭಂಗೆ ನಾ ಹೇಳೂದಿಲ್ಲ.”

“ಬೇಡ ಅತ್ತಿಗೆ, ಇವತ್ತು ಪೂಜೆ.”

ಈ ತ್ಯಾಗ ಎಲ್ಲೂ ದಾಖಲಾಗಲಿಲ್ಲ. ಅತ್ತಿಗೆ ಮಾಲೆಗಳಿಗೆ ಧಾರಾಳವಾಗಿ ನೀರು ಚಿಮುಕಿಸಿ ಚೀಲಕ್ಕಿಳಿಸಿದರು.

ಒಣಗಿದ ಮೀನಿನ ಚೀಲಕ್ಕೆ ನೀರು ಬಿದ್ದರೆ ಅದಕ್ಕೆ ಹಳೆಯದೆಲ್ಲ ನೆನಪಾಗುತ್ತದೆ. ಅಂಕೋಲೆ ದಾಟುವಷ್ಟರಲ್ಲಿ ವಾಸನೆ ಬಸ್ಸಿನವರಿಗೆಲ್ಲ ತಿಳಿಯಿತು. ಅದು ನನ್ನ ಚೀಲದ್ದೆಂದು ನನಗೇ ತಿಳಿಯಲಿಲ್ಲ. ಜನ ಒಬ್ಬೊಬ್ಬರಾಗಿ ಮೂಗು ಮುಚ್ಚಿಕೊಂಡರು. ಎಲ್ಲರ ಕಣ್ಣು ಬಿದ್ದದ್ದು ನನ್ನ ಪಕ್ಕದಲ್ಲಿದ್ದ ಹೊನ್ನಮ್ಮನ ಮೇಲೆ. ಆಕೆ ನಮ್ಮ ಓಣಿಗೆ ಮೀನು ತಂದು ಮಾರುವವಳು. ಮಡಿಲಲ್ಲಿ ಬಿದಿರಿನ ಬುಟ್ಟಿ ಬೇರೆ ಇತ್ತು.

“ಹೋಯ್, ಆ ಬುಟ್ಟಿ ಹಿಂದೆ ಇಡು!” ಎಂದ ಕಂಡಕ್ಟರ್.

“ಹೊಸ ಬುಟ್ಟಿ ಮಾರಾಯ! ಈಗಷ್ಟೇ ಅಂಕೋಲಾ ಪೇಟೆಲಿ ತಕಂಡದ್ದು. ಇದ್ಕೆ ಇನ್ನೂ ಮೀನಿನ ಮುಖನೇ ಗೊತ್ತಿಲ್ಲ!”

ಇಂಥ ಸಂದರ್ಭದಲ್ಲಿ ಪತ್ರಕರ್ತ ಸುಮ್ಮನಿರಬಾರದು. “ಬುಟ್ಟಿಯದೇ ಇರಬೇಕು ಹೊನ್ನಮ್ಮ. ನನ್ನ ಚೀಲದಲ್ಲಿರೋದು ಹೂವು” ಎಂದು ನಿಷ್ಪಕ್ಷಪಾತವಾಗಿ ನುಡಿದೆ. ಬುಟ್ಟಿ ಹಿಂದಿನ ಸೀಟಿಗೆ ಹೋಯಿತು. ವಾಸನೆ ಹೋಗಲಿಲ್ಲ!

ಕಾರವಾರದಲ್ಲಿ ಬಸ್ ಬದಲಿಸಿ ಇಬ್ಬರೂ ಶಿರವಾಡದಲ್ಲಿ ಇಳಿದೆವು. ಹೊನ್ನಮ್ಮನನ್ನು ಕಂಡರೆ ಓಡಿಬರುವ ಓಣಿಯ ಬೆಕ್ಕುಗಳು ಅಂದೂ ಓಡಿಬಂದವು. ಹೊಸ ಬುಟ್ಟಿ ಮೂಸಿದವು, ಬಿಟ್ಟವು. ಆಮೇಲೆ ಬಾಲವೆತ್ತಿಕೊಂಡು ನನ್ನ ಹಿಂದೆ ಮೆರವಣಿಗೆ ಹೊರಟವು.

“ಅಣ್ಣಾ, ಬೆಕ್ಕಿಗೂ ಹೂ ಮುಡ್ಯೂ ಆಸೆ ಆಯ್ತೇನ?” ಹೊನ್ನಮ್ಮ ನಡುಬೀದಿಯಲ್ಲಿ ನಿಂತು ನಕ್ಕಳು.

ಗೇಟಿನಲ್ಲಿದ್ದ ಶೋಭಾಗೆ ಮೂಸುವ ಅಗತ್ಯವೂ ಬೀಳಲಿಲ್ಲ. ಚೀಲದ ಬಣ್ಣವೇ ಸಾಕಾಯಿತು.

“ಅಯ್ಯೋ, ಇದು ಮೀನಿನ ಚೀಲ!”

“ತೊಳೆದದ್ದೇ ಅಲ್ವಾ...”

“ತೊಳ್ದದ್ದು ಅಂತ ದೇವ್ರಿಗೆ ನೀವೇ ಹೇಳ್ತ್ರಾ? ಅಲ್ಲಿ ಬಂಗಡೆನೂ ತಿಂದ್ರಾ?”

“ಇಲ್ಲ!”

ಆ ದಿನ ನಾನಾಡಿದ ಖಚಿತ ಸತ್ಯ ಅದೊಂದೇ. ಅದನ್ನು ಯಾರೂ ನಂಬಲಿಲ್ಲ.

ಶೋಭಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. “ಎಲ್ಲರೆದ್ರಿಗೂ ಹೇಳ್ಬಿಟ್ಟಿದ್ದೆ” ಎಂದಳು. ದನಿ ಸಣ್ಣದಾಗಿತ್ತು. ಬೈದಿದ್ದರೇ ಚೆನ್ನಾಗಿತ್ತು.

ಹೊನ್ನಮ್ಮ ಸೆರಗು ಸಿಕ್ಕಿಸಿ ಬುಟ್ಟಿ ಮುಂದಿಟ್ಟಳು. “ಅಳೂದೆಂತಕೆ ಅಕ್ಕಾ? ಓಣಿ ತುಂಬ ಹೂ ಅದೆ. ಬುಟ್ಟಿ ಹೊಸದದೆ. ನೀವ್ ಕೊಯ್ರಿ, ನಾ ಕೂಗ್ತೆ.”

ದಿನವೂ ಮೀನು ಸಾರುವ ಗಂಟಲು ಅಂದು ಗೇಟು ಗೇಟಿನ ಮುಂದೆ “ದಾಸವಾಳ ಕೊಡ್ರೇ! ತುಳಸಿ ಕೊಡ್ರೇ!” ಎಂದು ಕೂಗಿತು. ಅಭ್ಯಾಸಬಲದಿಂದ ಒಬ್ಬರು ಮೀನಿನ ಪಾತ್ರೆ ಹಿಡಿದೇ ಹೊರಬಂದರು! ಬುಟ್ಟಿ ತುಂಬಿತು. ಮಂಟಪದಲ್ಲಿ ಪ್ರತಿ ಮನೆಯ ಹೂವೂ ಇದ್ದುದರಿಂದ ಕೊಂಕು ತೆಗೆಯುವವರು ಯಾರೂ ಇರಲಿಲ್ಲ. “ಶೋಭಾ, ಒಳ್ಳೆ ಯೋಚನೆ ಮಾಡಿದ್ಯೇ!” ಎಂದರು ಹೆಂಗಸರು. ಅವಳ ಮರ್ಯಾದೆ ಉಳಿಯಿತು. ನನ್ನದರ ಬಗ್ಗೆ ಚರ್ಚೆ ನಡೆಯಲಿಲ್ಲ.

ಪ್ರಸಾದದ ಹೊತ್ತಿಗೆ ಹೊನ್ನಮ್ಮ ಬಂದಳು. ಭಾವಿಕೇರಿಯ ಮಾಲೆ ಅವಳ ತುರುಬಿನಲ್ಲಿತ್ತು. “ನಂಗೇನೂ ವಾಸ್ನೆ ಬರೂದಿಲ್ಲಪ್ಪ. ಈಗ ಹೇಳಿ ಅಣ್ಣಾ, ಬಸ್ಸಲ್ಲಿ ನಾರ್ತಿದ್ದದ್ದು ಯಾವ್ದು?”

ಎಲ್ಲರೂ ತಿರುಗಿದರು. ನಾನು ಎದ್ದು ನಿಂತು, ಪತ್ರಿಕೆಯ ಪದ್ಧತಿಯಂತೆ ಸ್ಪಷ್ಟೀಕರಣ ನೀಡಿದೆ: “ಬಸ್ಸಿನಲ್ಲಿ ಪ್ರಕಟವಾದ ಸುದ್ದಿಯಲ್ಲಿ ‘ಬುಟ್ಟಿ’ ಎಂದಿರುವುದನ್ನು ‘ಚೀಲ’ ಎಂದು ಓದಿಕೊಳ್ಳಬೇಕು. ಪ್ರಮಾದಕ್ಕೆ ವಿಷಾದಿಸುತ್ತೇನೆ.”

“ಓದೂದೆಲ್ಲ ನೀವೇ ಓದ್ಕಣಿ” ಎಂದಳು ಹೊನ್ನಮ್ಮ. “ನಾಳೆ ಬಂಗಡೆ ತತ್ತೆ. ಚೀಲ ಮಾತ್ರ ಅಕ್ಕನ ಕೈಲೇ ಕಳ್ಸಿ.”