ಚಿಕ್ಕಪ್ಪನ ಬಾಯಲ್ಲಿ ಬೆಳೆದ ಕಾಲೇಜು

ಮದರಾಸಿನ ಆರ್ಕಿಟೆಕ್ಚರ್ ಕಾಲೇಜಿನ ಚರಿತ್ರೆಯನ್ನು ನಮ್ಮ ಚಿಕ್ಕಪ್ಪನಷ್ಟು ಬಲ್ಲವರು ದೇಶದಲ್ಲೇ ಇರಲಿಲ್ಲ. ಅವರು ಅದನ್ನು ನೋಡಿರಲಿಲ್ಲ, ಅಷ್ಟೇ. ಎಂಬತ್ತರ ದಶಕದಲ್ಲಿ ಅವರ ಮಗಳು ಸರೋಜಾಳಿಗೆ ಅಲ್ಲಿ ಸೀಟು ಸಿಕ್ಕಿತು. ಕೊಯಮತ್ತೂರಿನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಅಂಥದ್ದೊಂದು ಕಾಲೇಜು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಸುವ ಕೆಲಸವನ್ನು ಚಿಕ್ಕಪ್ಪ ತಾವೇ ವಹಿಸಿಕೊಂಡರು.

"ಮನೆ ಕಟ್ಟಕ್ಕೆ ಐದು ವರ್ಷ ಓದ್ಬೇಕಾ? ನಮ್ ಗಾರೆಯವ್ನು ಆರೇ ತಿಂಗಳಲ್ಲಿ ಕಲ್ತನಲ್ಲ," ಎಂದರು ಎದುರುಮನೆಯ ಮಾವ.

"ಅದಕ್ಕೇ ನಿಮ್ ಮನೆ ಸೋರ್ತದೆ," ಎಂದರು ಚಿಕ್ಕಪ್ಪ.

ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಚಿಕ್ಕಪ್ಪನ ಬಾಯಲ್ಲಿ ಆ ಕಾಲೇಜನ್ನು ಬಿಳಿಯರು ಕಟ್ಟಿದ್ದರು. ದೀಪಾವಳಿಗೆ ಅದು ನಾಯಕರ ಕಾಲಕ್ಕೆ ಹೋಯಿತು. ಪೊಂಗಲ್ ಹೊತ್ತಿಗೆ ಚೋಳರ ಮಕ್ಕಳೆಲ್ಲ ಅಲ್ಲೇ ಓದಿದವರು. ಕಾಂಗೇಯಂ ಬಸ್ಸಿನಲ್ಲಿ ಎಣ್ಣೆ ಮಿಲ್ಲಿನವರೊಬ್ಬರು, ಪಾಪ, ತಿಳಿದುಕೊಳ್ಳೋಣವೆಂದು ತಮಿಳಿನಲ್ಲಿ ಕೇಳಿದರು: ಆ ಕಾಲೇಜು ಕಟ್ಟಿದವರು ಓದಿದ್ದು ಯಾವ ಕಾಲೇಜಿನಲ್ಲಿ?

"ಅಲ್ಲೇ," ಎಂದು ಚಿಕ್ಕಪ್ಪ ಕಿಟಕಿಯ ಕಡೆ ತಿರುಗಿದರು.

ಮೂರನೆಯ ವರ್ಷ ಸರೋಜಾ ಹೇಳಿ ಕಳುಹಿಸಿದಳು: ಮೇಷ್ಟರುಗಳು ನಮ್ಮ ಮನೆ ನೋಡಲು ಬರುತ್ತಾರೆ, ಅದರ ಮೇಲೆ ಅವಳಿಗೆ ಮಾರ್ಕು. ಚಿಕ್ಕಪ್ಪನಿಗೆ ನಿದ್ದೆ ಹಾರಿಹೋಯಿತು. ನಮ್ಮವರ ಮನೆಯಲ್ಲಿ ಮೊದಲು ಮಗ್ಗಕ್ಕೆ ಕುಳಿ ತೋಡುತ್ತಾರೆ, ಗೋಡೆ, ಅಡುಗೆಮನೆ ಎಲ್ಲ ಆಮೇಲೆ ಅದರ ಸುತ್ತ. ಆ ಕುಳಿಯೊಳಗೆ ಕಾಲು ಇಳಿಬಿಟ್ಟು ಕೂತೇ ನೇಯಬೇಕು. ಚೋಳರು ಓದಿದ ಕಾಲೇಜಿನವರು ಬಂದಾಗ ನಡುಮನೆಯಲ್ಲಿ ಗುಂಡಿ ಇದ್ದರೆ ಮರ್ಯಾದೆಯೆ? ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದರು. ಮದುಕ್ಕರೈಯಿಂದ ಸಿಮೆಂಟು ತರಿಸಿ ಕುಳಿ ಮುಚ್ಚಿದರು. ಮೇಲೆ ಕೆಂಪು ಬಣ್ಣ ಬಳಿದು, ಬಾಡಿಗೆ ಕುರ್ಚಿ ಹಾಕಿಸಿದರು.

ಸರೋಜಾಳ ಜೊತೆ ಮೇಷ್ಟರುಗಳು ಬಂದರು, ಕಾಫಿ ಕುಡಿದರು, ಸುತ್ತ ನೋಡಿದರು.

"ಮಗ್ಗದ ಕುಳಿ ಎಲ್ಲಿದೆ ಸರೋಜಾ?" ಎಂದರು ಅವರಲ್ಲಿ ಹಿರಿಯರು, ತಮಿಳಿನಲ್ಲಿ. ಕುಳಿಯ ಸುತ್ತ ಬೆಳೆದ ಮನೆ. ಅದೇ ಅವಳ ಆ ವರ್ಷದ ಕೆಲಸವಂತೆ. ಅದನ್ನು ನೋಡಲೆಂದೇ ಅವರು ರೈಲು ಹತ್ತಿ ಬಂದಿದ್ದರು.

ಸರೋಜಾ ನೆಲ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ನಿಂಗೆ ನಾಚ್ಕೆ ಆಗ್ಬಾರ್ದು ಅಂತ ಮುಚ್ಚಿಬಿಟ್ನಮ್ಮಾ," ಎಂದರು ಚಿಕ್ಕಪ್ಪ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲೇ ಇಲ್ಲ. "ನಿನ್ ಮಾರ್ಕೆಲ್ಲ ಹೋಯ್ತಾ?"

"ನಾಚ್ಕೆ ಯಾಕಪ್ಪಾ? ತೊಟ್ಲು ಹಗ್ಗಾನ ಮಗ್ಗದ ತುಳಿಹಲಗೆಗೆ ಕಟ್ಟಿ, ನೇಯ್ತಾ ನೇಯ್ತಾ ನನ್ನ ತೂಗಿದೋನು ನೀನು. ಅದನ್ನ ಕ್ಲಾಸಲ್ಲಿ ಹೇಳಿದ್ಕೇ ಇವರೆಲ್ಲ ಬಂದಿರೋದು."

ಚಿಕ್ಕಪ್ಪ ಹಿತ್ತಲಿಗೆ ಹೋಗಿ ಹಾರೆ ತಂದರು. ಅಳುತ್ತಿದ್ದರು, ಒರೆಸಿಕೊಳ್ಳಲೂ ಇಲ್ಲ. ಹಿರಿಯ ಮೇಷ್ಟರು ತಾವು ಕೂತಿದ್ದ ಕುರ್ಚಿಯನ್ನು ತಾವೇ ಎತ್ತಿ ಗೋಡೆಗೆ ಒರಗಿಸಿದರು. ಮೊದಲ ಪೆಟ್ಟಿಗೆ ಸಿಮೆಂಟು ಅಲುಗಲಿಲ್ಲ. ಸರೋಜಾ ಸೆರಗು ಸಿಕ್ಕಿಸಿಕೊಂಡು ಬಂದು ಅಪ್ಪನ ಕೈಯ ಮೇಲೆಯೇ ಹಾರೆ ಹಿಡಿದಳು.

"ಮೆಲ್ಲಗೆ ಅಪ್ಪಾ," ಎಂದಳು, "ಕಾಲು ಜೋಪಾನ."