ಮಿಠಾಯಿ ಅಂಗಡಿಯಲ್ಲಿ ಚಿಂತಕ

ಚಿತ್ರಕ್ಕೆ ಸುಮ್ಮನೆ ಕುಳಿತುಕೊಳ್ಳುವುದರಲ್ಲಿ ಏನು ತಪ್ಪಾದೀತು ಎಂದುಕೊಂಡಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಯಶವಂತನಗರದಲ್ಲಿ ಕಂಪನಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಜೀವನದಲ್ಲಿ ಗಾಢವಾಗಿ ಯೋಚಿಸಿದ್ದು ಬಸ್ಸಿನ ಗೇರಿನ ಬಗ್ಗೆ ಮಾತ್ರ. ಆದರೂ ಗೋಡೆಯ ಮೇಲೆ ಚಿಂತಕನಾಗಿ ಕಾಣಬೇಕೆಂಬ ಆಸೆ!

ಹಂಪಿಯ ಮಂಟಪವೊಂದರ ನೆರಳಲ್ಲಿ ಪ್ರವಾಸಿಗರ ಚಿತ್ರ ಬಿಡಿಸುವ ಕಲಾವಿದನ ಮುಂದೆ ಕುಳಿತೆ. ಅವನು ಭಂಗಿಗಳ ಅರ್ಥ ವಿವರಿಸಿದ. ಕೆನ್ನೆಗೆ ಕೈ ಹಚ್ಚಿದರೆ ಆಳವಾದ ಚಿಂತನೆ. ಕಣ್ಣು ಮುಚ್ಚಿದರೆ ಅಂತರಂಗದ ಶೋಧ. ಹುಬ್ಬು ಗಂಟಿಕ್ಕಿದರೆ ಲೋಕದ ದುಃಖ.

"ಯಾವ್ದು ಬೇಕ್ರಿ?"

"ಮೂರೂ ಹಾಕಪ್ಪ," ಎಂದೆ.

ಕೆನ್ನೆಗೆ ಕೈ ಹಚ್ಚಿ ಕೂರುವುದು ಮನೆಗೆ ಶುಭವಲ್ಲ, ಗೋಡೆಗೆ ಹಾಕಬೇಡಿ ಎಂದಳು ಹೆಂಡತಿ ಗೌರಮ್ಮ. ಕಲೆ ಅರಿಯದವಳೆಂದು ಅವಳನ್ನು ಕ್ಷಮಿಸಿದೆ. ಮನೆಗೆ ಬೇಡವಾದರೆ ಅಂಗಡಿಗಾಗಲಿ! ಅವಳ ತಮ್ಮ ಬಸವರಾಜ ಗಣಿ ಕೆಲಸ ಬಿಟ್ಟು, ಇದ್ದದ್ದನ್ನೆಲ್ಲ ಸುರಿದು, ಸಂಡೂರಿನಲ್ಲಿ ಮಿಠಾಯಿ ಅಂಗಡಿ ತೆರೆಯುತ್ತಿದ್ದ. ಪೂಜೆಯ ದಿನ ಎಲ್ಲರಿಗಿಂತ ಮೊದಲೇ ಹೋಗಿ, ಲಾಡು ತಟ್ಟೆಗಳ ಮೇಲಿನ ಗೋಡೆಗೆ ನನ್ನನ್ನು ನಾನೇ ನೇತುಹಾಕಿದೆ.

ಜನ ಬಂದರು. ಮೇಲೆ ನೋಡಿದರು. ಹೊರಟರು. ಒಬ್ಬ ಮುದುಕಿ ಮಾತ್ರ ನಿಂತು, ಚಿತ್ರವನ್ನೂ ನನ್ನನ್ನೂ ನೋಡಿದಳು.

"ಹಲ್ಲು ಭಾಳ ನೋಯಾಕತ್ತಾವೇನಪಾ? ಈ ಅಂಗಡೀ ಲಾಡು ತಿಂದಿದ್ದೇನು?"

ಉತ್ತರಕ್ಕೂ ಕಾಯದೆ ಹೋದಳು. ಮಧ್ಯಾಹ್ನವಾದರೂ ಬೋಣಿಯಿಲ್ಲ. ಬಸವರಾಜ ನೊಣ ಓಡಿಸುತ್ತ ಕುಳಿತಿದ್ದ, ಮುಖ ಬಾಡಿತ್ತು. ನಾನು ಬಾಗಿಲಲ್ಲಿ ನಿಂತು, ಅದು ಹಲ್ಲುನೋವಲ್ಲ, ಗಂಭೀರ ವಿಚಾರ ಮಾಡುತ್ತಿರುವ ಭಂಗಿ ಎಂದು ಬಂದವರಿಗೆಲ್ಲ ತಿಳಿಹೇಳತೊಡಗಿದೆ. ಅಂಗಡಿ ತೆರೆದ ದಿನವೇ ಅಷ್ಟು ವಿಚಾರ ಮಾಡುವಂಥ ಲುಕ್ಸಾನು ಏನಾಯಿತೆಂದು ಕೇಳಿ, ಅವರೂ ಮುಂದೆ ನಡೆದರು.

ಕೊನೆಗೆ ಗೌರಮ್ಮನೇ ಸ್ಟೂಲು ಹತ್ತಿ ಚಿತ್ರ ಇಳಿಸಿದಳು.

"ವಿಚಾರ ಮಾಡೋರ ಹಂಗ ಕುಂದ್ರೋದಕ್ಕಿಂತ ಮೊದ್ಲ, ಒಂದ್ ಸಲ ಖರೇನ ವಿಚಾರ ಮಾಡಬೇಕಿತ್ರಿ."

ಬಸವರಾಜ ಬೈಯಲಿಲ್ಲ. ನನ್ನ ಕೈಗೆ ಲಾಡು ಕೊಟ್ಟ.

"ಬಾಗಿಲಾಗ ನಿಂತು ತಿನ್ರಿ ಮಾವಾ. ಎಲ್ಲಾರಿಗೂ ಕಾಣೋ ಹಂಗ, ನಕ್ಕೋಂತ."

ಪ್ರಾಯಶ್ಚಿತ್ತವೆಂದು ಒಪ್ಪಿದೆ. ನಕ್ಕೆ, ತಿಂದೆ. ಜನ ಒಳಗೆ ಬಂದರು. ಒಂದು ಮುಗಿದರೆ ಇನ್ನೊಂದು ಕೊಟ್ಟ. ಸಂಜೆಯ ಹೊತ್ತಿಗೆ ತಟ್ಟೆಗಳು ಖಾಲಿಯಾದವು.

ಮರುದಿನ ಬೆಳಗ್ಗೆ ಹಲ್ಲುನೋವು ಹತ್ತಿಕೊಂಡಿತು. ಕೈ ತಾನಾಗಿಯೇ ಕೆನ್ನೆಗೆ ಹೋಯಿತು, ಕಣ್ಣು ಮುಚ್ಚಿತು, ಹುಬ್ಬು ಗಂಟಾಯಿತು. ಗೌರಮ್ಮ ಒಮ್ಮೆ ನನ್ನನ್ನು, ಒಮ್ಮೆ ಮೂಲೆಯಲ್ಲಿದ್ದ ಚಿತ್ರವನ್ನು ನೋಡಿದಳು.

ಕಲಾವಿದನ ತಪ್ಪೇನೂ ಇಲ್ಲ. ಥೇಟ್ ನನ್ನಂತೆಯೇ ಬಿಡಿಸಿದ್ದ.